ಕಿರೀಟ ನಿಲ್ಲುವುದು ತೊಟ್ಟಿನ ಬಲದಿಂದ

ಎಲ್ಲರಿಗೂ ನಮಸ್ಕಾರ.

ಹೂವಿನ ಕಿರೀಟ ಮಾಡಲು ಕೂತವರು ಮೊದಲು ನೋಡುವುದು ಬಣ್ಣ. ಕೆಂಪಿನ ಪಕ್ಕ ಬಿಳಿ ಒಪ್ಪುತ್ತಾ, ಹಳದಿ ಜಾಸ್ತಿ ಆಯ್ತಾ, ಇದೇ ಚರ್ಚೆ. ಬಣ್ಣ ನಿಮ್ಮಿಷ್ಟ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಇವತ್ತು ನನ್ನ ಮಾತೆಲ್ಲ ತೊಟ್ಟಿನ ಬಗ್ಗೆ. ಕಿರೀಟ ಸಂಜೆವರೆಗೂ ತಾಜಾ ಇರುತ್ತದೋ, ಹಾಕಿಕೊಂಡ ಸ್ವಲ್ಪ ಹೊತ್ತಿಗೇ ಜೋತುಬೀಳುತ್ತದೋ ಅನ್ನುವುದು ಬಹಳಮಟ್ಟಿಗೆ ಅದರ ಕೈಲಿದೆ.

ಹೂವನ್ನು ಗಿಡದಿಂದ ಕತ್ತರಿಸಿದರೆ ಬೇರಿನಿಂದ ಬರುವ ನೀರು ನಿಂತುಹೋಗುತ್ತದೆ. ಎಸಳು, ಎಲೆಗಳಿಂದ ನೀರು ಆವಿಯಾಗುವುದು ಮಾತ್ರ ನಿಲ್ಲುವುದಿಲ್ಲ. ಹೂದಾನಿಯಲ್ಲಿದ್ದರೆ ತೊಟ್ಟು ಮತ್ತೆ ನೀರು ಹೀರಿಕೊಳ್ಳುತ್ತದೆ. ಕಿರೀಟದಲ್ಲಿ ಆ ಅನುಕೂಲ ಇಲ್ಲ. ಒಳಗೆ ತುಂಬಿಕೊಂಡು ಬಂದ ನೀರಿನಲ್ಲೇ ದಿನ ತಳ್ಳಬೇಕು. ಅದಕ್ಕೇ ಕಿರೀಟದ ಕೆಲಸ ಹಿಂದಿನ ರಾತ್ರಿಯೇ ಶುರುವಾಗಬೇಕು. ಹೂ ಕೈಗೆ ಬಂದ ಮೇಲೆ ಪ್ರತಿ ತೊಟ್ಟಿನ ತುದಿಯನ್ನೂ ಹರಿತವಾದ ಕತ್ತರಿಯಿಂದ ಇನ್ನೊಂದು ಸಲ ಕತ್ತರಿಸಿ. ಗಾಳಿಗೆ ಬಿಟ್ಟ ತೊಟ್ಟಿನ ನಾಳದೊಳಗೆ ಗಾಳಿಗುಳ್ಳೆ ಸೇರಿಕೊಂಡು ನೀರಿನ ದಾರಿಯನ್ನು ಮುಚ್ಚಿಬಿಡುತ್ತದೆ. ಒಂದೆರಡು ಸೆಂಟಿಮೀಟರ್ ಕತ್ತರಿಸಿದರೆ ದಾರಿ ಮತ್ತೆ ತೆರೆದುಕೊಳ್ಳುತ್ತದೆ. ಓರೆಯಾಗಿ ಕತ್ತರಿಸಿ, ಆಗ ತುದಿ ಪಾತ್ರೆಯ ತಳಕ್ಕೆ ಅಂಟಿ ಕೂರುವುದಿಲ್ಲ. ನೀರಿನೊಳಗೆ ಮುಳುಗುವ ಎಲೆಗಳನ್ನು ಕಿತ್ತುಹಾಕಿ, ಅವು ಕೊಳೆತು ನೀರು ಕೆಡಿಸುತ್ತವೆ. ಆಮೇಲೆ ತೊಟ್ಟುಗಳನ್ನು ನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ತಂಪಾದ, ನೆರಳಿರುವ ಕಡೆ ಇಟ್ಟು ಸುಮ್ನೆ ಬಿಟ್ಟುಬಿಡಿ.

ಇನ್ನು ಯಾವ ಹೂ? ಸೇವಂತಿಗೆ, ಕಾರ್ನೇಷನ್, ಗೊಂಚಲಲ್ಲಿ ಬಿಡುವ ಚಿಕ್ಕ ಗುಲಾಬಿ, ಸ್ಟಾಟಿಸ್, ಜಿಪ್ಸೋಫಿಲಾ. ಇವು ನೀರಿಲ್ಲದೆಯೂ ಸಾಕಷ್ಟು ಹೊತ್ತು ತಾಳುತ್ತವೆ. ಸ್ಟಾಟಿಸ್ ಅಂತೂ ಒಣಗಿದರೂ ಬಣ್ಣ ಬಿಡುವುದಿಲ್ಲ. ಹೈಡ್ರೇಂಜಿಯಾ ನೋಡಲು ಸೊಗಸು, ಕಿರೀಟಕ್ಕೆ ದಂಡ. ನೀರು ಸ್ವಲ್ಪ ಕಡಿಮೆಯಾದರೂ ಅದು ಮುದುಡಿಕೊಳ್ಳುತ್ತದೆ. ಪಾಪಿ ಹೂವಿನ ಎಸಳು ಮುಟ್ಟಿದರೆ ಉದುರುತ್ತದೆ. ಕಣಗಿಲೆಯನ್ನು ಮಕ್ಕಳ ಕಿರೀಟಕ್ಕೆ ಹಾಕಲೇಬೇಡಿ. ಅದರ ಎಲೆ, ಹೂ, ಕಾಂಡ ಎಲ್ಲವೂ ವಿಷ. ಕಳ್ಳಿ ಜಾತಿಯ ಗಿಡಗಳ ಹಾಲು ಚರ್ಮಕ್ಕೆ ತಾಗಿದರೆ ಉರಿ, ಕಣ್ಣಿಗೆ ಬಿದ್ದರಂತೂ ಅಪಾಯ. ಕೆಲವರಿಗೆ ಸೇವಂತಿಗೆಯೂ ಆಗಿಬರುವುದಿಲ್ಲ, ಹಣೆ ತುರಿಸುತ್ತದೆ. ಹಾಕಿಕೊಳ್ಳುವವರನ್ನು ಮೊದಲೇ ಕೇಳಿಬಿಡಿ.

ಎಲೆಗಳನ್ನು ನಾವು ಸಂದು ಮುಚ್ಚುವುದಕ್ಕೆ ಮಾತ್ರ ಬಳಸುತ್ತೇವೆ, ಅಲ್ವಾ? ಪ್ರಾಚೀನ ಗ್ರೀಸ್‌ನ ಒಲಿಂಪಿಯಾದಲ್ಲಿ ಗೆದ್ದ ಕ್ರೀಡಾಪಟುವಿನ ತಲೆಗೆ ಏರುತ್ತಿದ್ದದ್ದು ಕಾಡು ಆಲಿವ್ ಕೊಂಬೆಯ ಕಿರೀಟ. ಡೆಲ್ಫಿಯಲ್ಲಿ ಲಾರೆಲ್ ಎಲೆ. ರೋಮ್‌ನಲ್ಲಿ ಸಹನಾಗರಿಕನ ಪ್ರಾಣ ಉಳಿಸಿದವನಿಗೆ ಓಕ್ ಎಲೆಯದು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲೂ ಪದಕ ಗೆದ್ದವರು ಆಲಿವ್ ಕಿರೀಟ ಹಾಕಿಕೊಂಡರು. ಹೂವೇ ಇಲ್ಲದೆಯೂ ಕಿರೀಟ ಗಂಭೀರವಾಗಿ ನಿಲ್ಲುತ್ತದೆ. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ: ಅರ್ಧಕ್ಕಿಂತ ಹೆಚ್ಚು ಎಲೆ ಹಾಕಿ. ದಪ್ಪ, ಹೊಳಪಿನ ಎಲೆ ಬೇಗ ಬಾಡುವುದಿಲ್ಲ, ಭಾರವೂ ಕಡಿಮೆ.

ಈಗ ಚೌಕಟ್ಟು. ಸುಮಾರು 1 ಮಿಲಿಮೀಟರ್ ದಪ್ಪದ ತಂತಿ ಸಾಕು. ದೊಡ್ಡವರ ತಲೆಯ ಸುತ್ತಳತೆ ಸಾಮಾನ್ಯವಾಗಿ 54ರಿಂದ 60 ಸೆಂಟಿಮೀಟರ್. ಅಳತೆಯನ್ನು ಕಿರೀಟ ಕೂರುವ ಜಾಗದಲ್ಲೇ ತೆಗೆದುಕೊಳ್ಳಿ. ತಂತಿಯನ್ನು ಅಷ್ಟೇ ಉದ್ದಕ್ಕೆ ಕತ್ತರಿಸಿದರೆ ಬಿಗಿಯಾಗುತ್ತದೆ. ಯಾಕೆಂದರೆ ತೊಟ್ಟುಗಳೂ ಟೇಪೂ ಸೇರಿ ಒಳಗಿನ ಜಾಗವನ್ನು ತಿಂದುಹಾಕುತ್ತವೆ. ಎರಡೂ ತುದಿಯಲ್ಲಿ ಚಿಕ್ಕ ಕುಣಿಕೆ ಮಾಡಿ, ಹಿಂದೆ ರಿಬ್ಬನ್‌ನಿಂದ ಕಟ್ಟುವ ಹಾಗೆ ಬಿಟ್ಟರೆ ಈ ತಲೆನೋವೇ ಇಲ್ಲ. ಇನ್ನೊಂದು ವಿಷಯ, ತಲೆ ದುಂಡಗಿಲ್ಲ. ಮೇಲಿನಿಂದ ನೋಡಿದರೆ ಅದು ಮೊಟ್ಟೆಯಾಕಾರ. ತಂತಿಯನ್ನೂ ಹಾಗೇ ಬಾಗಿಸಿ. ಪೂರ್ತಿ ದುಂಡಗಿನ ಕಿರೀಟ ಹಣೆಯನ್ನು ಒತ್ತುತ್ತದೆ, ಕಿವಿಯ ಬಳಿ ಸಡಿಲ ಬಿಡುತ್ತದೆ.

ಹೂ ಕಟ್ಟುವ ಹಸಿರು ಟೇಪ್ ಕೈಗೆ ತೆಗೆದುಕೊಂಡ ಹೊಸಬರೆಲ್ಲ "ಇದಕ್ಕೆ ಅಂಟೇ ಇಲ್ವಲ್ಲ" ಅನ್ನುತ್ತಾರೆ. ಅದು ಮೇಣ ಸವರಿದ ಕಾಗದ. ಎಳೆದಾಗ ಮಾತ್ರ ಅಂಟುತ್ತದೆ. ಒಂದು ಕೈಯಲ್ಲಿ ಟೇಪನ್ನು ಜಗ್ಗಿ ಹಿಡಿದು, ಇನ್ನೊಂದು ಕೈಯ ಬೆರಳುಗಳಲ್ಲಿ ತಂತಿಯನ್ನು ಉರುಳಿಸುತ್ತಾ ಹೋಗಿ. ಕೈಗೆ ಈ ಲಯ ಹತ್ತುವವರೆಗೆ ಬರೀ ತಂತಿಯ ಮೇಲೆ ಸುತ್ತಿ ಅಭ್ಯಾಸ ಮಾಡಿ, ಹೂ ಆಮೇಲೆ.

ಹೂ, ಎಲೆಗಳನ್ನು ಮೊದಲೇ ಚಿಕ್ಕ ಚಿಕ್ಕ ಕಟ್ಟುಗಳಾಗಿ ಮಾಡಿಕೊಳ್ಳಿ. ತೊಟ್ಟು 4-5 ಸೆಂಟಿಮೀಟರ್ ಇರಲಿ. ಭಾರದ ಹೂವಾದರೆ ಎಸಳುಗಳ ಕೆಳಗಿನ ಹಸಿರು ಗಂಟಿನಲ್ಲಿ ತೆಳು ತಂತಿ ಅಡ್ಡ ತೂರಿಸಿ, ಎರಡೂ ತುದಿಗಳನ್ನು ತೊಟ್ಟಿನ ಜೊತೆ ಕೆಳಕ್ಕೆ ಬಾಗಿಸಿ, ಮೇಲೆ ಟೇಪ್ ಸುತ್ತಿ. ಟೇಪ್ ತೊಟ್ಟಿನ ಕತ್ತರಿಸಿದ ತುದಿಯನ್ನೂ ಮುಚ್ಚಿದರೆ ಒಳಗಿನ ತೇವ ಸ್ವಲ್ಪ ಉಳಿಯುತ್ತದೆ. ಆಮೇಲೆ ಒಂದೇ ದಿಕ್ಕಿನಲ್ಲಿ ಕಟ್ಟುತ್ತಾ ಹೋಗಿ. ಪ್ರತಿ ಹೊಸ ಕಟ್ಟೂ ಹಿಂದಿನದರ ತೊಟ್ಟನ್ನು ಮುಚ್ಚಬೇಕು. ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಅನ್ನುತ್ತಾರೆ. ಇಲ್ಲಿ ಹೂವನ್ನು ತಲೆಗೇರಿಸುವುದೇ ನಾರು, ಹೆಸರು ಮಾತ್ರ ಹೂವಿಗೆ.

ದೊಡ್ಡ ಹೂಗಳನ್ನು ನಟ್ಟನಡುವೆ ಇಡುವುದು ನನಗೆ ಇಷ್ಟವಿಲ್ಲ. ಒಂದು ಹುಬ್ಬಿನ ಮೇಲೆ ಬರುವ ಹಾಗೆ ಸ್ವಲ್ಪ ಪಕ್ಕಕ್ಕೆ ಇಟ್ಟರೆ ಮುಖಕ್ಕೆ ಕಳೆ ಬರುತ್ತದೆ. ಇದು ನನ್ನ ರುಚಿ, ನಿಯಮವಲ್ಲ. ನಿಯಮ ಅನ್ನುವುದಿದ್ದರೆ ಒಂದೇ: ಮುಗಿದ ಮೇಲೆ ಒಳಬದಿಯಲ್ಲಿ ಬೆರಳಾಡಿಸಿ ನೋಡಿ. ಎಲ್ಲಾದರೂ ತಂತಿಯ ಮೊನೆ ಸಿಕ್ಕರೆ ಹೊರಕ್ಕೆ ಮಡಚಿ ಟೇಪ್ ಸುತ್ತಿ.

ತಂತಿ, ಟೇಪ್ ಯಾವುದೂ ಇಲ್ಲದಿದ್ದರೂ ಪರವಾಗಿಲ್ಲ. ಉದ್ದ ತೊಟ್ಟಿನ ಡೇಸಿಯಂಥ ಹೂ ಸಿಕ್ಕರೆ ತೊಟ್ಟನ್ನು ಉಗುರಿನಿಂದ ಉದ್ದುದ್ದ ಚೂರು ಸೀಳಿ, ಆ ಸೀಳಿನಲ್ಲಿ ಮುಂದಿನ ಹೂವಿನ ತೊಟ್ಟನ್ನು ತೂರಿಸಿ. ಹೀಗೇ ಸರಪಳಿ ಬೆಳೆಯುತ್ತದೆ. ಮಕ್ಕಳಿಗೆ ಕಲಿಸಲು ಇದೇ ಸುಲಭ.

ಕಿರೀಟ ಹಿಂದಿನ ದಿನವೇ ಮುಗಿದರೆ ನೀರು ಚಿಮುಕಿಸಿ, ಒದ್ದೆ ಟಿಶ್ಯೂ ಹಾಸಿದ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡಿ. ಫ್ರೀಜರ್ ಬೇಡ. ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇದ್ದರೆ ತೆಗೆದುಬಿಡಿ. ಹಣ್ಣಾಗುವಾಗ ಅವು ಬಿಡುವ ಎಥಿಲೀನ್ ಅನಿಲಕ್ಕೆ ಕಾರ್ನೇಷನ್‌ನಂಥ ಹೂ ಬೇಗ ಮುದುಡುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಟೇಪ್ ಕತ್ತರಿಸಿ ತಂತಿ ಎತ್ತಿಟ್ಟುಕೊಳ್ಳಿ, ಮುಂದಿನ ಸಲಕ್ಕೆ ಬರುತ್ತದೆ.

ಮೇಜಿನ ಮೇಲೆ ತಂತಿ, ಟೇಪ್ ಇಟ್ಟಿದ್ದೇನೆ. ಪ್ರಶ್ನೆಗಳನ್ನು ಸುತ್ತುತ್ತಾ ಸುತ್ತುತ್ತಾ ಕೇಳಿ.