ನೇಮಕಾತಿ ಪತ್ರ ಕೊಟ್ಟಿದ್ದೀರಾ?

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತಿನ ಮಾತು ಮುಖ್ಯವಾಗಿ ಸಣ್ಣ ಮಾಲೀಕರಿಗೆ. ಪೀಣ್ಯದಲ್ಲೋ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ, ಮಂಗಳೂರಿನ ಬೈಕಂಪಾಡಿಯಲ್ಲೋ ಹತ್ತಿಪ್ಪತ್ತು ಜನರನ್ನು ಇಟ್ಟುಕೊಂಡು ಶೆಡ್ ನಡೆಸುವವರಿಗೆ. ದೊಡ್ಡ ಕಂಪನಿಗಳಿಗೆ ಹೇಳಿಕೊಡಲು ವಕೀಲರಿದ್ದಾರೆ. ನಿಮಗೆ ತಿಂಗಳಿಗೊಮ್ಮೆ ಬಂದು ಪಿಎಫ್ ಎಂಬ ಭವಿಷ್ಯ ನಿಧಿ, ಇಎಸ್‌ಐ ಎಂಬ ಕಾರ್ಮಿಕರ ಆರೋಗ್ಯ ವಿಮೆ, ಇವುಗಳ ಚಲನ್ ನೋಡಿ ಹೋಗುವ ಒಬ್ಬರು ಸಿಕ್ಕರೆ ಅದೇ ಜಾಸ್ತಿ. ನಾನೂ ಬಹಳ ವರ್ಷ ಆ ಕೆಲಸವನ್ನೇ ಮಾಡಿದವನು.

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಕೆಲಸದ ಜಾಗದ ಸುರಕ್ಷತೆ, ಹೀಗೆ ನಾಲ್ಕು. 29 ಹಳೆಯ ಕಾನೂನುಗಳ ಜಾಗದಲ್ಲಿ ಇವು ಬಂದಿವೆ. 2019 ಮತ್ತು 2020ರಲ್ಲೇ ಸಂಸತ್ತು ಒಪ್ಪಿದ್ದ ಕಾನೂನುಗಳಿವು. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಐದು ವರ್ಷ ಕೇಳಿ ಕೇಳಿ ಎಷ್ಟೋ ಜನ ಆ ಕಡೆ ಗಮನ ಕೊಡುವುದನ್ನೇ ಬಿಟ್ಟಿದ್ದರು. ಈಗ ಬಂದಿದೆ.

ಮೊದಲು ನೇಮಕಾತಿ ಪತ್ರದ ವಿಷಯ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಪ್ರತಿಯೊಬ್ಬರಿಗೂ ಪತ್ರ ಕೊಡಲೇಬೇಕು. ಹೊಸಬರಿಗೆ ಮಾತ್ರವಲ್ಲ, ಈಗಾಗಲೇ ಕೆಲಸದಲ್ಲಿರುವವರಿಗೂ. "ಅವನು ನಮ್ಮ ಹುಡುಗ, ಹದಿನೈದು ವರ್ಷದಿಂದ ಇದ್ದಾನೆ, ಅವನಿಗೇಕೆ ಪತ್ರ?" ಎಂದು ಮಾಲೀಕರು ಕೇಳುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಪ್ರೀತಿಯಿಂದಲೇ ಕೇಳುತ್ತಾರೆ.

ಆದರೆ ನನ್ನ ಅಣ್ಣನ ಕತೆ ನನಗೆ ಮರೆಯುವುದಿಲ್ಲ. ಒಂದು ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದ. ಹನ್ನೊಂದು ವರ್ಷ ದುಡಿದ. ಹಳೆಯ ಮಾಲೀಕರು ತೀರಿಕೊಂಡರು, ಮಗ ಬಂದ. ಗ್ರಾಚ್ಯುಟಿ ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷದ ಲೆಕ್ಕದಲ್ಲಿ ಸಿಗುವ ಇಡಿಗಂಟು, ಅದಕ್ಕೆ ಸಾಮಾನ್ಯವಾಗಿ ಐದು ವರ್ಷ ದುಡಿದಿರಬೇಕು. ಅಣ್ಣ ಅದನ್ನು ಕೇಳಿದಾಗ ಮಗ ಹೇಳಿದ್ದು ಒಂದೇ ಮಾತು, "ನಮ್ಮ ದಾಖಲೆಯಲ್ಲಿ ನಾಲ್ಕು ವರ್ಷ ಅಂತಿದೆ." ಅವನು ಬೇಕೆಂದೇ ಸುಳ್ಳು ಹೇಳಿದ ಎಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಅವನ ಮುಂದೆ ಇದ್ದ ಕಾಗದ ಅಷ್ಟೇ. ಇದರ ಉಲ್ಟಾನೂ ನೋಡಿದ್ದೇನೆ. ಮೂರು ವರ್ಷ ಕೆಲಸ ಮಾಡಿದವರು ಎಂಟು ವರ್ಷದ ಲೆಕ್ಕ ಕೇಳಿದಾಗ, ಇಲ್ಲ ಎನ್ನಲು ಮಾಲೀಕರ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಸೇರಿದ ತಾರೀಕು, ಹುದ್ದೆ, ಸಂಬಳದ ವಿವರ. ಇಷ್ಟು ಬರೆದ ಒಂದು ಹಾಳೆ ಇದ್ದಿದ್ದರೆ ಎರಡು ಕಡೆಯೂ ಜಗಳವೇ ಇರುತ್ತಿರಲಿಲ್ಲ, ಅಲ್ವಾ?

ಇನ್ನು ಎಲ್ಲರೂ ಹೆದರಿಕೊಂಡಿರುವ ವಿಷಯ, ಸಂಬಳದ ಲೆಕ್ಕ. ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ ಇಂಥವೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟು ಹಣವನ್ನು ವೇತನಕ್ಕೇ ಸೇರಿಸಬೇಕು. ಪಿಎಫ್, ಗ್ರಾಚ್ಯುಟಿ ಲೆಕ್ಕ ಹಾಕುವುದು ಈ ವೇತನದ ಮೇಲೆ. ಒಂದು ಲೆಕ್ಕ ಮಾಡೋಣ. ನಿಮ್ಮ ಸೂಪರ್‌ವೈಸರ್‌ಗೆ 40,000 ರೂಪಾಯಿ ಸಂಬಳ. ಬೇಸಿಕ್, ಅಂದರೆ ಮೂಲ ವೇತನ 14,000, ಉಳಿದ 26,000 ಭತ್ಯೆ. ಅರ್ಧ ಎಂದರೆ 20,000. ಭತ್ಯೆ 6,000 ಜಾಸ್ತಿ ಇದೆ. ಅದು ಬೇಸಿಕ್ ಜೊತೆ ಸೇರಿ ವೇತನ 20,000 ಆಗುತ್ತದೆ.

ಪಿಎಫ್ ಎಷ್ಟು ಏರುತ್ತದೆ? ಪಿಎಫ್ ಕಡ್ಡಾಯವಾಗಿ ಕಟ್ಟಬೇಕಾದ ತಿಂಗಳ ವೇತನದ ಮಿತಿ 15,000. ಅಲ್ಲಿಗೇ ನಿಲ್ಲಿಸಿದರೆ ಶೇಕಡಾ 12ರಂತೆ 1,680 ಇದ್ದದ್ದು 1,800 ಆಗುತ್ತದೆ. ಕೈಗೆ ಬರುವ ಸಂಬಳ ಅರ್ಧಕ್ಕರ್ಧ ಇಳಿಯುತ್ತದೆ ಎಂದು ವಾಟ್ಸಾಪಿನಲ್ಲಿ ಹರಿದಾಡುವ ಮಾತನ್ನು ನಂಬಬೇಡಿ. ನಿಜವಾದ ವ್ಯತ್ಯಾಸ ಗ್ರಾಚ್ಯುಟಿಯಲ್ಲಿ. ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳಿಗೆ 26 ದಿನದ ಲೆಕ್ಕ. ಹತ್ತು ವರ್ಷಕ್ಕೆ ಹಳೆಯ ಲೆಕ್ಕದಲ್ಲಿ ಸುಮಾರು 80,800 ರೂಪಾಯಿ. ಹೊಸದರಲ್ಲಿ ಸುಮಾರು 1,15,400. ಇದನ್ನು ಈಗಿನಿಂದಲೇ ತೆಗೆದಿಡಬೇಕು. ಒಂದೇ ವರ್ಷ ಇಬ್ಬರು ಹಳಬರು ನಿವೃತ್ತರಾದರೆ ಸಣ್ಣ ಶೆಡ್ ತಡೆದುಕೊಳ್ಳುವುದು ಕಷ್ಟ.

ನಿಗದಿತ ಅವಧಿಗೆ ತೆಗೆದುಕೊಂಡವರಿಗೂ ಈಗ ಗ್ರಾಚ್ಯುಟಿ ಇದೆ. ಅವರು ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ಹನ್ನೊಂದು ತಿಂಗಳಿಗೆ ಕೆಲಸ ಬಿಡಿಸಿ ಮತ್ತೆ ಸೇರಿಸಿಕೊಳ್ಳೋಣ ಎನ್ನುವವರಿಗೆ ನನ್ನದೊಂದು ಕೋರಿಕೆ, ದಯವಿಟ್ಟು ಆ ದಾರಿ ಬೇಡ. ಕೆಲಸ ಕಲಿತ ಕೈ ಪಕ್ಕದ ಶೆಡ್‌ಗೆ ಹೋಗುತ್ತದೆ.

ಕೆಲಸ ಬಿಟ್ಟವರ ಸಂಬಳದ ಬಾಕಿಯನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ನೀವೇ ತೆಗೆದರೂ ಅಷ್ಟೇ, ಅವರೇ ರಾಜೀನಾಮೆ ಕೊಟ್ಟರೂ ಅಷ್ಟೇ. "ಮುಂದಿನ ತಿಂಗಳು ಬಾ, ಫೈನಲ್ ಸೆಟಲ್‌ಮೆಂಟ್ ಮಾಡೋಣ" ಎನ್ನುವ ಹಾಗಿಲ್ಲ. ಹಾಜರಿ ಮತ್ತು ಓಟಿ, ಅಂದರೆ ಹೆಚ್ಚುವರಿ ಹೊತ್ತಿನ ಕೆಲಸದ ಲೆಕ್ಕ ದಿನದಿನವೂ ಬರೆದಿಟ್ಟಿದ್ದರೆ ಇದೇನೂ ಕಷ್ಟವಲ್ಲ.

ಹೆಣ್ಣುಮಕ್ಕಳು ರಾತ್ರಿ ಪಾಳಿ ಮಾಡಬಹುದು. ಆದರೆ ಅವರು ಒಪ್ಪಿರಬೇಕು, ಸುರಕ್ಷತೆಯ ಹೊಣೆ ನಿಮ್ಮದು. ನಮ್ಮ ರಾಜ್ಯ ಸರ್ಕಾರ ಕೂಡ 2025ರ ನವೆಂಬರ್‌ನಲ್ಲಿ ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ ಸಂಬಳದ ಮುಟ್ಟಿನ ರಜೆ ಕೊಡಬೇಕೆಂದು ಆದೇಶ ಮಾಡಿತು. ಇದನ್ನು ಪ್ರಶ್ನಿಸಿ ಕೆಲವರು ಹೈಕೋರ್ಟಿಗೂ ಹೋದರು. ನನ್ನನ್ನು ಕೇಳಿದರೆ, ಕೋರ್ಟಿನ ಮಾತು ಒಂದು ಕಡೆ ಇರಲಿ. ಎಂಟು ಗಂಟೆ ನಿಂತೇ ಕೆಲಸ ಮಾಡುವ ಹೆಂಗಸಿಗೆ ಆ ಒಂದು ದಿನ ಬೇಕೇ ಬೇಕು.

ನಿಮಗೆ ಸ್ವಲ್ಪ ಸಮಾಧಾನದ ವಿಷಯವೂ ಇದೆ. ವೇತನ ಸಂಹಿತೆಯಲ್ಲಿ ಇನ್‌ಸ್ಪೆಕ್ಟರ್ ಕೇಸ್ ಹಾಕುವ ಮೊದಲು, ತಪ್ಪು ಸರಿಮಾಡಿಕೊಳ್ಳಲು ಬರವಣಿಗೆಯಲ್ಲಿ ಹೇಳಿ ಸಮಯ ಕೊಡಬೇಕು. ಆದರೆ ಐದು ವರ್ಷದೊಳಗೆ ಅದೇ ತಪ್ಪು ಮತ್ತೆ ಮಾಡಿದರೆ ಆ ಅವಕಾಶ ಇಲ್ಲ. ಕೊಡಬೇಕಾದ ಸಂಬಳಕ್ಕಿಂತ ಕಡಿಮೆ ಕೊಟ್ಟರೆ 50,000 ರೂಪಾಯಿವರೆಗೆ ದಂಡ ಬೀಳಬಹುದು.

ಹಾಗಾಗಿ ನಾಳೆ ಬೆಳಗ್ಗೆ ಹಾಜರಿ ಪುಸ್ತಕ ತೆಗೆದಾಗ, ಯಾರಿಗೆಲ್ಲ ಪತ್ರ ಇಲ್ಲ ಎಂದು ಒಂದು ಗುರುತು ಹಾಕಿ. ಹಳಬರಿಂದಲೇ ಶುರುಮಾಡಿ. ಬಿಹಾರದಿಂದ, ಒಡಿಶಾದಿಂದ ಬಂದವರಿದ್ದರೆ ಅವರಿಗೆ ತಿಳಿಯುವ ಭಾಷೆಯಲ್ಲಿ ಪತ್ರವನ್ನು ಓದಿ ಹೇಳಿಸಿ, ಸಹಿ ಮಾಡಿಸಿ. ಒಂದು ಪ್ರತಿ ನಿಮ್ಮ ಫೈಲಿಗೆ, ಒಂದು ಪ್ರತಿ ಅವರ ಕೈಗೆ.

ನಮಸ್ಕಾರ.