ಬೋರ್ಡು ಆಮೇಲೆ, ಸಂಖ್ಯೆ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಬಂದು ಸೈಟು, ಮನೆ ಕೊಡಿಸುವ ಕೆಲಸಕ್ಕೆ ಇಳಿದಿರುವ ತರುಣ ತರುಣಿಯರನ್ನು ಎದುರಿಗೆ ಕೂರಿಸಿಕೊಂಡಂತೆ ಈ ಮಾತು ಆಡುತ್ತಿದ್ದೇನೆ. 2023ರಲ್ಲಿ ಸೋಗಾನೆಯ ವಿಮಾನ ನಿಲ್ದಾಣ ತೆರೆದ ಮೇಲೆ ನನ್ನ ವಕೀಲಿ ಕಚೇರಿಗೆ ಇಂಥವರು ಬರುವುದು ಹೆಚ್ಚಾಗಿದೆ. ಬಂದವರು ಕೇಳುವುದು ಕಮಿಷನ್ ಎಷ್ಟು ಪಡೆಯಬಹುದು ಎಂದು. ನಾನು ತಿರುಗಿ ಕೇಳುವುದು, ನಿಮ್ಮ ರೇರಾ ಸಂಖ್ಯೆ ಎಲ್ಲಿ ಎಂದು.

ರೇರಾ ಎಂದರೆ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. ಅದರ 9ನೇ ಕಲಂ ಪ್ರಕಾರ ನೋಂದಣಿ ಇಲ್ಲದ ಏಜೆಂಟ್ ಲೇಔಟಿನ ಸೈಟನ್ನಾಗಲಿ ಅಪಾರ್ಟ್‌ಮೆಂಟನ್ನಾಗಲಿ ಮಾರಿಸುವಂತಿಲ್ಲ. ಸಂಖ್ಯೆ ಮೊದಲು, ಬೋರ್ಡು ಆಮೇಲೆ.

ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಅಡಿಕೆ ತೋಟದ ಮನೆಯವನು, ಮಾತಿನಲ್ಲಿ ಚುರುಕು. ನಿವೃತ್ತ ಶಿಕ್ಷಕ ದಂಪತಿಯನ್ನು ಊರ ಹೊರಗಿನ ಲೇಔಟಿಗೆ ಕರೆದುಕೊಂಡು ಹೋದ. ಹಳದಿ ಬಣ್ಣ ಬಳಿದ ಗಡಿಕಲ್ಲುಗಳು, ಕೆಮ್ಮಣ್ಣಿನ ರಸ್ತೆ. ಆ ತಾಯಿ ಬಗ್ಗಿ ಕಲ್ಲಿನ ಬುಡದಿಂದ ಭತ್ತದ ಕೂಳೆ ಕಿತ್ತು, ‘ಇದು ಗದ್ದೆಯಲ್ಲವೇನಪ್ಪಾ?’ ಎಂದರಂತೆ. ‘ಪರಿವರ್ತನೆ ಆಗಿದೆ ಅಮ್ಮಾ’ ಎಂದ ಇವನು. ಮಾಲೀಕ ಹಾಗೆ ಹೇಳಿದ್ದ. ಜಿಲ್ಲಾಧಿಕಾರಿಯ ಆದೇಶವನ್ನು ಇವನು ಕಣ್ಣಿನಿಂದ ಕಂಡಿರಲಿಲ್ಲ. ಇಪ್ಪತ್ತು ಲಕ್ಷದ ಸೈಟು, ಐದು ಲಕ್ಷ ಮುಂಗಡ, ಇವನ ಕೈಗೆ ನಲವತ್ತು ಸಾವಿರ. ಪಹಣಿ ತೆಗೆಸಿದಾಗ ಅದು ಇನ್ನೂ ಗದ್ದೆಯೇ. ಮಾಲೀಕ ಫೋನ್ ಎತ್ತುವುದನ್ನು ನಿಲ್ಲಿಸಿದ. ದಂಪತಿ ಬಂದು ಕುಳಿತದ್ದು ಇವನ ಮನೆಯ ಜಗಲಿಯ ಮೇಲೆ.

ಮಳೆಯಲ್ಲಿ ನೆನೆದುಕೊಂಡೇ ಕಚೇರಿಗೆ ಬಂದ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ಹೆಸರು, ಮೊತ್ತ ಎಲ್ಲ ಶಾಯಿ ಹರಡಿ ಕಲಸಿಹೋಗಿತ್ತು. ‘ನಾನು ಬರೀ ಸೈಟು ತೋರಿಸಿದ್ದು ಸಾರ್’ ಎಂದ. ಕಾಯ್ದೆಗೆ ಅದು ‘ಬರೀ’ ಅಲ್ಲ. ಕೊಳ್ಳುವವರನ್ನು ಮಾರುವವರಿಗೆ ಪರಿಚಯಿಸಿ ಕಮಿಷನ್ ಪಡೆದವನೇ ಏಜೆಂಟ್. ನೋಂದಣಿ ಇಲ್ಲದಿದ್ದರೆ ದಿನಕ್ಕೆ ಹತ್ತು ಸಾವಿರ ರೂಪಾಯಿ ದಂಡ, ಆ ಸೈಟಿನ ಬೆಲೆಯ ಶೇಕಡಾ 5ರವರೆಗೆ. ಅವನ ಕಮಿಷನ್ ನಾಲ್ಕೇ ದಿನದ ದಂಡಕ್ಕೆ ಸರಿಹೋಯಿತು!

ನೋಂದಣಿ ಮಾಡಿಸಿದ್ದರೆ ಆ ಗದ್ದೆಗೆ ಅವನು ಕಾಲಿಡುತ್ತಲೇ ಇರಲಿಲ್ಲ. 500 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಐದು ಗುಂಟೆಯಷ್ಟು, ದಾಟಿದ ಲೇಔಟಿಗೂ ರೇರಾ ನೋಂದಣಿ ಬೇಕು. ಅದಿಲ್ಲದ ಲೇಔಟನ್ನು ನೋಂದಾಯಿತ ಏಜೆಂಟ್ ಮಾರಿಸುವಂತಿಲ್ಲ. ಕರ್ನಾಟಕ ರೇರಾ ಜಾಲತಾಣದಲ್ಲಿ ಲೇಔಟಿನ ಹೆಸರು ಹುಡುಕುವುದಕ್ಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷಕ್ಕೂ ನಿಮಗೆ ಪುರುಸೊತ್ತಿಲ್ಲವೇ ಎಂದು ನನಗೆ ಕೆಲವೊಮ್ಮೆ ಬೇಸರವೇ ಆಗುತ್ತದೆ.

ನನ್ನ ಸಮಯ ಮುಗಿಯುತ್ತಾ ಬಂದಿದೆ, ಬೇಗ ಹೇಳಿಬಿಡುತ್ತೇನೆ. ಅದೇ ಜಾಲತಾಣದಲ್ಲಿ ಅರ್ಜಿ. ಪ್ಯಾನ್, ಆಧಾರ್, ಭಾವಚಿತ್ರ, ಕಚೇರಿಯ ವಿಳಾಸದ ದಾಖಲೆ, ಮೂರು ವರ್ಷದ ಆದಾಯ ತೆರಿಗೆ ವಿವರ. ಒಬ್ಬರೇ ಮಾಡುವುದಾದರೆ ಶುಲ್ಕ 25,000 ರೂಪಾಯಿ, ಸಂಸ್ಥೆಯಾದರೆ ಎರಡು ಲಕ್ಷ. ನೋಂದಣಿ ಐದು ವರ್ಷ ನಡೆಯುತ್ತದೆ. ದುಬಾರಿ ಎನ್ನಬೇಡಿ, ಐದು ವರ್ಷಕ್ಕೆ ಹಂಚಿದರೆ ತಿಂಗಳಿಗೆ ನಾನೂರು ಚಿಲ್ಲರೆ. ಸಂಖ್ಯೆ ಬಂದ ಮೇಲೆ ನೀವು ಮಾಡಿಸುವ ಪ್ರತಿ ಮಾರಾಟದಲ್ಲೂ ಅದನ್ನು ನಮೂದಿಸಬೇಕು, ಲೆಕ್ಕದ ಪುಸ್ತಕ ಇಡಬೇಕು. ಜೇಬಿನ ಪುಸ್ತಕವಲ್ಲ.

ಆ ದಂಪತಿಗೆ ಮುಂಗಡದ ಅರ್ಧ ಹಣ ಮರಳಿ ಬಂದಿದೆ, ಉಳಿದದ್ದಕ್ಕೆ ವ್ಯಾಜ್ಯ ನಡೆಯುತ್ತಿದೆ. ಹುಡುಗ ಕಮಿಷನ್ ಹಣವನ್ನು ಅವರಿಗೇ ಹಿಂದಿರುಗಿಸಿ, ಕಳೆದ ವರ್ಷ ನೋಂದಣಿ ಮಾಡಿಸಿಕೊಂಡ. ಮೊನ್ನೆ ಅವನ ಕಚೇರಿಗೆ ಹೋಗಿದ್ದೆ. ಬೋರ್ಡಿನಲ್ಲಿ ಸಂಖ್ಯೆಯನ್ನು ತನ್ನ ಹೆಸರಿಗಿಂತ ದೊಡ್ಡದಾಗಿ ಬರೆಸಿದ್ದಾನೆ. ನಮಸ್ಕಾರ.