ಗ್ಯಾಸ್ ಖಾಲಿಯಾಗುವುದಿಲ್ಲ: ಬಿಸಿಲೂರಿನ ಎಸಿ ಮತ್ತು ಅದರ ಖರ್ಚು

ಎಲ್ಲರಿಗೂ ನಮಸ್ಕಾರ.

ಕುಶಾಲನಗರದಲ್ಲಿ ಎಸಿ ಬಗ್ಗೆ ಮಾತು ಅಂದ ಕೂಡಲೇ ಹಿರಿಯರೊಬ್ಬರು "ಕೊಡಗಿಗೆ ಎಸಿ ಯಾಕಪ್ಪಾ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಇಲ್ಲಿ ಕೂತಿರುವ ಎಷ್ಟೋ ಜನರ ಮಕ್ಕಳು ರಾಯಚೂರು, ಬಳ್ಳಾರಿ, ಕಲಬುರಗಿಯಲ್ಲಿ ಕೆಲಸದಲ್ಲಿದ್ದಾರೆ. ದುಬೈ, ಮಸ್ಕತ್‌ನಲ್ಲಿ ಇರುವವರೂ ಇದ್ದಾರೆ. ಸೇನೆಯಲ್ಲಿದ್ದು ಜೈಸಲ್ಮೇರ್, ಬಿಕಾನೇರ್ ಕಡೆ ಡ್ಯೂಟಿ ಮಾಡಿದವರಿಗಂತೂ ಒಣ ಬಿಸಿಲು ಎಂದರೇನು ಎಂದು ನಾನು ಹೇಳಬೇಕಾಗಿಲ್ಲ. ನಾನು ಎಸಿ ರಿಪೇರಿ ಕೆಲಸ ಕಲಿತದ್ದು ರಾಯಚೂರಿನಲ್ಲಿ. ಊರಿಗೆ ವಾಪಸ್ ಬಂದ ಮೇಲೂ ಅಲ್ಲಿಂದ ಫೋನ್ ಬರುತ್ತಲೇ ಇರುತ್ತದೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಗ್ಯಾಸ್ ಖಾಲಿಯಾಗಿದೆಯಂತೆ ಅಣ್ಣಾ, ಮೂರು ಸಾವಿರ ಕೇಳ್ತಿದ್ದಾರೆ, ಕೊಡ್ಲಾ?"

ಅಲ್ಲಿಂದಲೇ ಶುರು ಮಾಡೋಣ. ಎಸಿಯ ಗ್ಯಾಸ್ ಉರಿದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ತಾಮ್ರದ ಪೈಪಿನೊಳಗೆ ಅದು ಸುತ್ತುತ್ತಲೇ ಇರುತ್ತದೆ. ಮನೆಯೊಳಗಿನ ಶಾಖ ಹೊತ್ತುಕೊಂಡು ಹೊರಗೆ ಬಿಟ್ಟು ಬರುತ್ತದೆ, ಅಷ್ಟೇ. ಹತ್ತು ವರ್ಷ ಓಡಿದರೂ ಅಷ್ಟೇ ಇರಬೇಕು. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಮೂರು ಸಾವಿರ. ಹಾಗಾಗಿ ಮೆಕ್ಯಾನಿಕ್ ಹತ್ತಿರ ಮೊದಲು ಕೇಳಬೇಕಾದ್ದು "ಎಲ್ಲಿ ಲೀಕ್ ಆಗಿದೆ, ತೋರಿಸಿ" ಎಂದು. ಪೈಪ್ ಕೂಡುವ ನಟ್‌ಗಳ ಹತ್ತಿರ ಎಣ್ಣೆ ಜಿಡ್ಡು ಕಂಡರೆ ಅಲ್ಲೇ ಅನುಮಾನ. ಸರಿಯಾದ ಕೆಲಸ ಎಂದರೆ ಮೊದಲು ಪೈಪಿಗೆ ನೈಟ್ರೋಜನ್ ತುಂಬಿ, ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಬೇಕು. ಲೀಕ್ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎರಡನ್ನೂ ತೆಗೆಯಬೇಕು. ಕೊನೆಗೆ ತಕ್ಕಡಿಯಲ್ಲಿ ತೂಕ ಮಾಡಿ ಗ್ಯಾಸ್ ಹಾಕಬೇಕು. ಎಷ್ಟು ಗ್ರಾಂ ಎಂದು ಔಟ್‌ಡೋರ್ ಯೂನಿಟ್‌ನ, ಅಂದರೆ ಮನೆ ಹೊರಗೆ ಕೂರಿಸಿದ ಪೆಟ್ಟಿಗೆಯ, ಸ್ಟಿಕ್ಕರ್ ಮೇಲೇ ಬರೆದಿರುತ್ತದೆ. ಅಂದಾಜಿನಲ್ಲಿ ತುಂಬಿಸುವವರನ್ನು ದಯವಿಟ್ಟು ತಡೆಯಿರಿ. ಈಗ ಹೆಚ್ಚಾಗಿ ಬರುತ್ತಿರುವುದು ಆರ್-32 ಗ್ಯಾಸ್. ಅದಕ್ಕೆ ಸ್ವಲ್ಪ ಬೆಂಕಿ ಹತ್ತುವ ಗುಣವಿದೆ. ಬೀಡಿ ಕಚ್ಚಿಕೊಂಡು ಮಾಡುವ ಕೆಲಸ ಅದಲ್ಲ.

ಇನ್ನು ನಿಜವಾದ ಶತ್ರುವಿನ ವಿಷಯಕ್ಕೆ ಬರುತ್ತೇನೆ. ಒಣ ಪ್ರದೇಶದಲ್ಲಿ ಎಸಿಯನ್ನು ಹಾಳು ಮಾಡುವುದು ಧೂಳು. ರಾಯಚೂರಿನಲ್ಲಿ ಹತ್ತಿಯಿಂದ ಬೀಜ ಬೇರೆ ಮಾಡುವ ಜಿನ್ನಿಂಗ್ ಮಿಲ್ಲುಗಳಿವೆ, ಅಕ್ಕಿ ಗಿರಣಿಗಳಿವೆ. ಏಪ್ರಿಲ್‌ನಲ್ಲಿ ಒಂದು ಮನೆಯ ಔಟ್‌ಡೋರ್ ಯೂನಿಟ್ ಬಿಚ್ಚಿದ್ದೆ. ಆ ಮನೆಯವರಿಗೂ ಗ್ಯಾಸ್ ಇಲ್ಲ ಎಂದೇ ಯಾರೋ ಹೇಳಿ ಹೋಗಿದ್ದರು. ಯೂನಿಟ್‌ನ ಹಿಂಬದಿಯಲ್ಲಿ ತೆಳು ಅಲ್ಯೂಮಿನಿಯಂ ರೆಕ್ಕೆಗಳ ಸಾಲು ಇರುತ್ತದಲ್ಲ, ಅದೇ ಕಾಣುತ್ತಿರಲಿಲ್ಲ. ಹತ್ತಿಯ ಎಳೆ, ಹೊಟ್ಟು, ಕೆಮ್ಮಣ್ಣು ಸೇರಿ ಒಂದು ಪದರ ಕೂತಿತ್ತು. ಮೂಲೆ ಹಿಡಿದು ಎಳೆದರೆ ಹಳೇ ಕಂಬಳಿಯ ಹಾಗೆ ಇಡಿಯಾಗಿ ಬಿಟ್ಟುಕೊಂಡು ಬಂತು. ಆಮೇಲೆ ಒಳಗಿನಿಂದ ಹೊರಕ್ಕೆ ನೀರು ಬಿಟ್ಟು ತೊಳೆದೆವು. ಮೊದಲು ಕಪ್ಪು ನೀರು, ಆಮೇಲೆ ಕೆಂಪು, ಬಹಳ ಹೊತ್ತಿನ ಮೇಲೆ ತಿಳಿನೀರು ಬಂತು. ಒಂದು ಗ್ರಾಂ ಗ್ಯಾಸ್ ಹಾಕಲಿಲ್ಲ. ರೂಮ್ ತಣ್ಣಗಾಯಿತು.

ಅದು ಯಾಕೆ ಹಾಗೆ? ಒಳಗಿನ ಶಾಖ ಹೊರಗೆ ಹೋಗಬೇಕಾದ್ದು ಆ ರೆಕ್ಕೆಗಳ ಮೂಲಕ. ಅಲ್ಲಿ ಗಾಳಿ ಆಡದಿದ್ದರೆ ಶಾಖ ಹೊರಗೆ ಹೋಗುವುದಿಲ್ಲ. ಒತ್ತಡ ಏರುತ್ತದೆ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಕೊನೆಗೆ ಬಿಸಿ ತಡೆಯಲಾರದೆ ನಿಂತು ಹೋಗುತ್ತದೆ. ಇನ್ನೊಂದು ವಿಷಯ ಕೊಳ್ಳುವಾಗ ಯಾರೂ ಹೇಳುವುದಿಲ್ಲ. ಎಸಿಯ ಸಾಮರ್ಥ್ಯವನ್ನು ಸಾಮಾನ್ಯವಾಗಿ ಅಳೆಯುವುದು ಹೊರಗೆ 35 ಡಿಗ್ರಿ ಇದ್ದಾಗ. ರಾಯಚೂರಿನ ಮೇ ತಿಂಗಳಲ್ಲಿ 42 ಡಿಗ್ರಿ ಹೊಸ ಸುದ್ದಿಯೇ ಅಲ್ಲ. ಬಿಸಿಲು ಬಡಿಯುವ ಪಶ್ಚಿಮದ ಗೋಡೆಯಲ್ಲಿ ಔಟ್‌ಡೋರ್ ಕೂರಿಸಿದ್ದರೆ ಅದರ ಸುತ್ತಲಿನ ಗಾಳಿ ಇನ್ನೂ ಬಿಸಿ. ಒಂದೂವರೆ ಟನ್ ತಂಪಿನ ಸಾಮರ್ಥ್ಯ ಎಂದು ದುಡ್ಡು ಕೊಟ್ಟಿರುತ್ತೀರಿ, ಮಧ್ಯಾಹ್ನ ಅಷ್ಟು ಸಿಗುವುದಿಲ್ಲ. ಮಕ್ಕಳು ಅಲ್ಲಿ ಎಸಿ ಕೊಳ್ಳುವಾಗ ಎಷ್ಟು ಡಿಗ್ರಿವರೆಗೆ ಪೂರ್ತಿ ತಂಪು ಕೊಡುತ್ತದೆ ಎಂದು ಕೇಳಲು ಹೇಳಿ. 46 ಡಿಗ್ರಿಯಲ್ಲಿ ಪರೀಕ್ಷೆ ಮಾಡುವ ಕ್ರಮವೂ ಇದೆ. ಔಟ್‌ಡೋರ್‌ಗೆ ನೆರಳು ಮಾಡಿ. ಆದರೆ ಶೀಟ್ ಹಾಕಿ ಎದುರಿನ ಗಾಳಿ ಕಟ್ಟಬೇಡಿ, ಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ.

ರೂಮಿನೊಳಗಿನ ಯೂನಿಟ್‌ನ ಫಿಲ್ಟರ್ ಜಾಲರಿಯನ್ನು ಅಂಥ ಧೂಳಿನ ಊರಲ್ಲಿ ವಾರಕ್ಕೊಮ್ಮೆ ನಲ್ಲಿ ಕೆಳಗೆ ಹಿಡಿದು ತೊಳೆಯಬೇಕು, ನೆರಳಲ್ಲಿ ಒಣಗಿಸಬೇಕು. ಐದು ನಿಮಿಷದ ಕೆಲಸ, ಮೆಕ್ಯಾನಿಕ್ ಬೇಡ.

ಈಗ ದುಡ್ಡು. ದರ ಊರಿಂದ ಊರಿಗೆ ಬೇರೆ, ನಾನು ಹೇಳುವುದು ಅಂದಾಜು. ನೀರು ಹಾಕಿ ತೊಳೆಯುವ ಒಂದು ಸರ್ವಿಸ್‌ಗೆ 500ರಿಂದ 700 ರೂಪಾಯಿ. ಧೂಳಿನ ಊರಲ್ಲಿ ವರ್ಷಕ್ಕೆ ಎರಡು ಬೇಕೇ ಬೇಕು. ಅದನ್ನು ಉಳಿಸಲು ಹೋದವರು ಕಂಪ್ರೆಸರ್‌ಗೋ, ಎಸಿಯನ್ನು ನಡೆಸುವ ಎಲೆಕ್ಟ್ರಾನಿಕ್ ಪಿಸಿಬಿ ಬೋರ್ಡಿಗೋ ಸಾವಿರಗಟ್ಟಲೆ ಸುರಿದದ್ದು ನಾನು ಬಹಳ ನೋಡಿದ್ದೇನೆ. ನೋಡುವಾಗ ಹೊಟ್ಟೆ ಉರಿಯುತ್ತದೆ. ಬೋರ್ಡ್ ಹೋಗುವುದಕ್ಕೆ ವೋಲ್ಟೇಜ್ ಏರಿಳಿತವೂ ಕಾರಣ, ಒಳಗೆ ಸೇರಿ ಸಾಯುವ ಹಲ್ಲಿಯೂ ಕಾರಣ.

ಕರೆಂಟ್ ಲೆಕ್ಕ ಇದಕ್ಕಿಂತ ದೊಡ್ಡದು. ಒಂದೂವರೆ ಟನ್ ಇನ್ವರ್ಟರ್ ಎಸಿ (ಬೇಕಾದಷ್ಟಕ್ಕೆ ಕಂಪ್ರೆಸರ್ ವೇಗ ಏರಿಳಿಸಿಕೊಳ್ಳುವಂಥದ್ದು) ಸರಾಸರಿ ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ ಎಂದು ಹಿಡಿಯಿರಿ. ದಿನಕ್ಕೆ 8 ಗಂಟೆ ಎಂದರೆ ತಿಂಗಳಿಗೆ 240 ಯೂನಿಟ್. ಫ್ಯಾನ್, ಫ್ರಿಜ್, ಲೈಟು, ಮೋಟರ್ ಸೇರಿ ಇನ್ನೊಂದು 80. ಒಟ್ಟು 320. ಇಲ್ಲಿ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ನೆನಪಿಡಿ. 200 ಯೂನಿಟ್ ದಾಟಿದರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ನಿಮ್ಮದೇ. ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೂ 2,200 ರೂಪಾಯಿ ದಾಟುತ್ತದೆ. ಹಿಂದಿನ ತಿಂಗಳು ಸೊನ್ನೆ ಬಿಲ್ ನೋಡಿದ ಮನೆಗೆ ಇದು ದೊಡ್ಡ ಪೆಟ್ಟು ಅಲ್ವಾ? ಒಂದು ಡಿಗ್ರಿ ಮೇಲಿಟ್ಟರೆ ಸುಮಾರು 6 ಪರ್ಸೆಂಟ್ ಉಳಿಯುತ್ತದೆ. 20ರಲ್ಲಿ ಇಟ್ಟು ರಗ್ಗು ಹೊದ್ದು ಮಲಗುವ ಬದಲು 26ಕ್ಕೆ ಇಟ್ಟು ಸೀಲಿಂಗ್ ಫ್ಯಾನ್ ಹಾಕಲಿ. ಸ್ಟಾರ್ ಲೇಬಲ್ ಮೇಲಿನ ಯೂನಿಟ್ ಲೆಕ್ಕವನ್ನು ನಂಬಿ ಕೂರಬೇಡಿ. ಅದು ವರ್ಷಕ್ಕೆ 1,600 ಗಂಟೆ ಎಂದು ಹಾಕಿದ ಲೆಕ್ಕ. ಬಿಸಿಲೂರಿನ ಮನೆ ಅದನ್ನು ಸುಲಭವಾಗಿ ಮೀರುತ್ತದೆ.

ಒಣ ಹವೆಗೆ ಒಂದು ವರವೂ ಇದೆ, ಏರ್ ಕೂಲರ್. ಹವೆ ಒಣಗಿದ್ದಷ್ಟೂ ನೀರು ಬೇಗ ಆವಿಯಾಗುತ್ತದೆ, ಗಾಳಿ ಅಷ್ಟು ತಂಪಾಗುತ್ತದೆ. ಕರೆಂಟ್ ಎಸಿಯ ಹತ್ತನೇ ಒಂದು ಭಾಗದಷ್ಟು ಸಾಕು. ಹಗಲು ಕೂಲರ್, ರಾತ್ರಿ ನಿದ್ದೆಗೆ ಎಸಿ ಎಂದು ಮಾಡಿಕೊಂಡವರ ಬಿಲ್ ನಿಜವಾಗಿ ಇಳಿದಿದೆ. ಎರಡನ್ನೂ ಒಂದೇ ರೂಮಲ್ಲಿ ಒಟ್ಟಿಗೆ ಹಾಕಬಾರದು. ಕೂಲರ್ ಬಿಟ್ಟ ತೇವವನ್ನು ತೆಗೆಯುವುದಕ್ಕೇ ಎಸಿ ದುಡಿಯುತ್ತದೆ. ಅಲ್ಲಿನ ಗಡಸು ನೀರಿಗೆ ಕೂಲರ್ ಪ್ಯಾಡಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ಆಗಾಗ ಟ್ಯಾಂಕ್ ಖಾಲಿ ಮಾಡಿ ತೊಳೆಯಬೇಕು. ಬೇಸಿಗೆಗೆ ಮುಂಚೆ ತಾರಸಿಗೆ ಸುಣ್ಣ ಬಳಿದರೂ ಮೇಲ್ಮಹಡಿಯ ಕಾವು ಇಳಿಯುತ್ತದೆ.

ಇಲ್ಲಿಂದ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮ ಒಂದು ದೂರು ಹೇಳುತ್ತಾರೆ. "ಎಸಿ ಪೈಪಲ್ಲಿ ನೀರೇ ಬರ್ತಿಲ್ಲ, ಕೆಟ್ಟಿರಬೇಕು." ಕೆಟ್ಟಿಲ್ಲ. ಅಲ್ಲಿ ಬೇಸಿಗೆಯ ಗಾಳಿಯಲ್ಲಿ ತೇವವೇ ಕಡಿಮೆ. ನಮ್ಮಲ್ಲಿ ಜುಲೈನಲ್ಲಿ ಎಸಿ ಹಾಕಿದರೆ ರಾತ್ರಿಗೊಂದು ಬಕೆಟ್ ತುಂಬಬಹುದು. ಕೊಡಗಿನ ಹೋಂಸ್ಟೇ, ಮನೆಗಳ ಎಸಿಗೆ ಬರುವ ರೋಗವೇ ಬೇರೆ. ಇಲ್ಲಿ ಡ್ರೈನ್ ಪೈಪಲ್ಲಿ ಲೋಳೆ ಕಟ್ಟಿ ನೀರು ಗೋಡೆಗೆ ಇಳಿಯುತ್ತದೆ, ಒಳಗಿನ ತಂಪು ಪೈಪಿನ ಕಾಯಿಲ್ ಮೇಲೆ ಬೂಷ್ಟು ಬಂದು ವಾಸನೆ ಹೊಡೆಯುತ್ತದೆ. ಅದಕ್ಕೆ ಮಳೆಗೆ ಮುಂಚೆ ಪೈಪ್ ಊದಿಸಿ, ಟ್ರೇ ತೊಳೆಸಿ. ಗುಡುಗು ಶುರುವಾದರೆ ಎಸಿಯ ಮೇನ್ ಸ್ವಿಚ್, ಅಂದರೆ ಎಂಸಿಬಿ ಇಳಿಸಿ. ಕಾಫಿ ಕಣದ ಪಕ್ಕ, ಕಾಫಿ ಸಿಪ್ಪೆ ಬಿಡಿಸಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್ ಪಕ್ಕ ಮನೆ ಇದ್ದವರಿಗೆ ಮಾತ್ರ ರಾಯಚೂರಿನ ಧೂಳಿನ ಪಾಠವೂ ಬೇಕು.

ಕೊನೆಯದಾಗಿ ನಮ್ಮ ಮೆಕ್ಯಾನಿಕ್ ಹುಡುಗರ ಮಾತು. ಏಪ್ರಿಲ್ ಬಂದರೆ ಒಬ್ಬೊಬ್ಬ ಮೆಕ್ಯಾನಿಕ್‌ಗೂ ಊರಿಡೀ ಫೋನ್. ನಡು ಮಧ್ಯಾಹ್ನ ಮೂರನೇ ಮಹಡಿಯ ಸಜ್ಜಾ ಮೇಲೆ, ಸೊಂಟಕ್ಕೆ ಬೆಲ್ಟ್ ಇಲ್ಲದೆ, ಕೈ ಸುಡುವ ಕಬ್ಬಿಣ ಹಿಡಿದು ನಿಂತಿರುತ್ತಾರೆ. ಆ ಹೊತ್ತಿಗೆ ಯಾರೂ ಪೂರ್ತಿ ಕೆಲಸ ಮಾಡಲಾರರು, ಬರೀ ಜಾಲರಿ ತೊಳೆದು ಹೋಗುತ್ತಾರೆ. ಅದಕ್ಕೇ ಫೆಬ್ರವರಿಯಲ್ಲೇ ಸರ್ವಿಸ್ ಮಾಡಿಸಲು ಮಕ್ಕಳಿಗೆ ಹೇಳಿ. ಬೆಳಗ್ಗೆಯೇ ಕರೆಸಲಿ, ಔಟ್‌ಡೋರ್ ಬಿಚ್ಚಿ ತೊಳೆಯುವುದನ್ನು ಪಕ್ಕದಲ್ಲಿ ನಿಂತು ನೋಡಲಿ, ಬೆಲ್ಟ್ ಇಲ್ಲದೆ ಸಜ್ಜಾ ಹತ್ತಲು ಬಿಡದಿರಲಿ.

ಈಗ ನಿಮ್ಮ ಪ್ರಶ್ನೆಗಳು. ಕರೆಂಟ್ ಬಿಲ್ ತಂದಿರುವವರು ಮುಂದೆ ಬನ್ನಿ, ಒಟ್ಟಿಗೆ ನೋಡೋಣ.